ನಾಯಿಯ ಉಣ್ಣೆಗೆ ಯಾವ ಮದ್ದು?

ನಾಯಿಯನ್ನು ಸಾಕಿದವರಿಗೆ ಉಣ್ಣೆಯ ಪರಿಚಯ ಮಾಡಿಕೊಡಬೇಕಾದ ಅವಶ್ಯಕತೆಯಿಲ್ಲ. ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳುಗಳ ಸಂದಿನಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಅದು ಹರಳು ಬೀಜದಂತೆ ಉಬ್ಬಿಕೊಂಡು ಕುಳಿತಿರುವುದನ್ನು ಎಲ್ಲರೂ ಕಂಡಿದ್ದಾರೆ. ಈ ಹೋಲಿಕೆ ನಮಗೆ ಮಾತ್ರ ತೋರಿದುದಲ್ಲ. ಹರಳು ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಕೊಟ್ಟ ರಿಸಿನಸ್ ಎಂಬ ಹೆಸರು ಲ್ಯಾಟಿನ್ ಭಾಷೆಯಲ್ಲಿ ಉಣ್ಣೆಯ ಹೆಸರೇ ಆಗಿದೆ. ಪರಿಚಯ ಇಷ್ಟು ಹಳೆಯದಾದರೂ ಉಣ್ಣೆಯನ್ನು ನಿವಾರಿಸುವ ವಿಷಯದಲ್ಲಿ ನಮ್ಮ ಜನರ ನಡವಳಿಕೆ ಮಾತ್ರ ವಿಚಿತ್ರವಾದುದು. ತಮಗೆ ಜ್ವರ ಬಂದಾಗ ಗುಳಿಗೆಯ ಮೇಲಿನ ಮಿಲಿಗ್ರಾಂ ಸಂಖ್ಯೆಯನ್ನು ಎರಡು ಸಲ ಓದುವವರೂ ನಾಯಿಯ ಮದ್ದನ್ನು ನೆರೆಮನೆಯವರ ಬಾಯಿಮಾತಿನ ಮೇಲೆ ಆರಿಸಿಕೊಂಡು, ಸೀಸೆಯ ಮುಚ್ಚಳದಿಂದ ಅಳೆದು, ಬಕೆಟ್ಟಿನಲ್ಲಿ ಕದಡಿ ಸುರಿಯುತ್ತಾರೆ. ಇದು ಸರಿಯಲ್ಲವೆಂಬುದೇ ಈ ಲೇಖನದ ವಾದ.

ಭೌತಶಾಸ್ತ್ರದ ಅಧ್ಯಾಪಕನಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಮದ್ದನ್ನು ಹೇಳಬೇಕಾದವರು ಪಶುವೈದ್ಯರು, ಅದರಲ್ಲಿ ಸಂದೇಹವಿಲ್ಲ. ಆದರೆ ಹೇಳಿದ ಮದ್ದನ್ನು ಮನೆಯಲ್ಲಿ ಅಳೆಯುವವರು ನಾವು. ಅಳತೆ, ಪ್ರಮಾಣ, ಕಾಲ ಇವು ಮೂರೂ ಭೌತಶಾಸ್ತ್ರಕ್ಕೆ ಸೇರಿದ ಮಾತುಗಳೇ. ಉಣ್ಣೆಯ ಮದ್ದಿನಿಂದ ನಾಯಿಗಳಿಗೆ ಆಗುವ ಅಪಾಯವನ್ನು ನೋಡಿದರೆ, ಮದ್ದಿನ ದೋಷಕ್ಕಿಂತ ಲೆಕ್ಕದ ದೋಷವೇ ಅದರಲ್ಲಿ ದೊಡ್ಡ ಪಾಲೆಂದು ನನಗೆ ತೋರುತ್ತದೆ.

ಮೊದಲು ಶತ್ರುವಿನ ಜೀವನಕ್ರಮವನ್ನು ಅರಿತುಕೊಳ್ಳೋಣ. ಉಣ್ಣೆ ಕೀಟವಲ್ಲ, ಜೇಡ, ಚೇಳುಗಳ ವರ್ಗಕ್ಕೆ ಸೇರಿದ್ದು. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು, ಬೆಳೆದ ಮೇಲೆ ಎಂಟು. ನಮ್ಮ ನಾಯಿಗಳನ್ನು ಹೆಚ್ಚಾಗಿ ಕಾಡುವುದು ಕಂದು ಬಣ್ಣದ ನಾಯಿ ಉಣ್ಣೆ. ಶಾಸ್ತ್ರದಲ್ಲಿ ಇದಕ್ಕೆ ರಿಪಿಸೆಫಲಸ್ ಸಾಂಗ್ವಿನಿಯಸ್ ಎಂದು ಹೆಸರು. ಇದು ತನ್ನ ಬಾಳಿನಲ್ಲಿ ಮೂರು ಸಲ ನಾಯಿಯನ್ನು ಹತ್ತಿ, ಮೂರು ಸಲ ಇಳಿಯುತ್ತದೆ. ಮರಿಯಾಗಿ ರಕ್ತ ಕುಡಿದು ಇಳಿಯುವುದು, ಪೊರೆ ಬಿಟ್ಟು ಎರಡನೆಯ ಅವಸ್ಥೆಯಲ್ಲಿ ಮತ್ತೆ ಹತ್ತುವುದು, ಇಳಿದು ಪೊರೆ ಬಿಟ್ಟು ಪ್ರಾಯಕ್ಕೆ ಬಂದು ಮೂರನೆಯ ಸಲ ಹತ್ತುವುದು, ಕೊನೆಗೆ ಹೆಣ್ಣು ಹೊಟ್ಟೆತುಂಬ ಕುಡಿದು ಉರುಳಿ ಬಿದ್ದು ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು ಸಾಯುವುದು, ಇದು ಅದರ ಕಥೆ. ಒಂದು ಹೆಣ್ಣು ಇಡುವ ಮೊಟ್ಟೆಗಳು ನಾಲ್ಕು ಸಾವಿರದವರೆಗೂ ಇರುವುದುಂಟು. ಬಿಸಿಲು ನಾಡಿನಲ್ಲಿ ಈ ಸುತ್ತು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ನಾಯಿ ಸಿಕ್ಕದಿದ್ದರೆ ಪ್ರಾಯದ ಉಣ್ಣೆ ತಿಂಗಳುಗಟ್ಟಲೆ ಉಪವಾಸವಿದ್ದು ಕಾಯಬಲ್ಲದು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಯಾವ ಗಳಿಗೆಯಲ್ಲಿ ನೋಡಿದರೂ ಮನೆಯ ಉಣ್ಣೆಗಳ ಬಹುಪಾಲು ನಾಯಿಯ ಮೈಮೇಲೆ ಇಲ್ಲ. ಗೋಡೆಯ ಸಂದಿನಲ್ಲಿ, ಚೌಕಟ್ಟಿನ ಹಿಂದೆ, ನಾಯಿಯ ಚಾಪೆಯ ಅಡಿಯಲ್ಲಿ ಇವೆ. ನಾಯಿಗೆ ಒಂದು ದಿನ ಸ್ನಾನ ಮಾಡಿಸಿ ಕೈತೊಳೆದುಕೊಳ್ಳುವವರು ಸೈನ್ಯದ ಮುಂದಿನ ಸಾಲನ್ನು ಮಾತ್ರ ಹೊಡೆದಂತಾಯಿತು. ಎರಡನೆಯದು ಗುಣಾಕಾರದ ವಿಷಯ. ನಾಲ್ಕು ಸಾವಿರ ಮೊಟ್ಟೆಗಳಲ್ಲಿ ನೂರಕ್ಕೆ ಒಂದು ಮಾತ್ರ ಬದುಕಿ ಪ್ರಾಯಕ್ಕೆ ಬರುವುದೆಂದು ಭಾವಿಸಿದರೂ ನಲವತ್ತಾಯಿತು. ಅದರಲ್ಲಿ ಇಪ್ಪತ್ತು ಹೆಣ್ಣು. ಮುಂದಿನ ತಲೆಮಾರಿಗೆ ನಾನೂರು ಹೆಣ್ಣು, ಅದರ ಮುಂದಿನದಕ್ಕೆ ಎಂಟು ಸಾವಿರ. ಸಂಕ್ರಾಂತಿಯಲ್ಲಿ ಒಂದು ಉಣ್ಣೆಯಿದ್ದ ಮನೆಯಲ್ಲಿ ದಸರೆಗೆ ಗೋಡೆಯೇ ನಡೆದಾಡುತ್ತಿರುವಂತೆ ಕಾಣುವುದು ಇದೇ ಕಾರಣದಿಂದ.

ರಕ್ತ ಕುಡಿಯುವುದಷ್ಟೇ ಅದರ ಅಪರಾಧವಾಗಿದ್ದರೆ ಇಷ್ಟು ಮಾತು ಬೇಕಾಗುತ್ತಿರಲಿಲ್ಲ. ಉಣ್ಣೆ ರೋಗವನ್ನು ಸಾಗಿಸುತ್ತದೆ. ಅಮೆರಿಕದ ದನಗಳ ಟೆಕ್ಸಾಸ್ ಜ್ವರವನ್ನು ಹರಡುವುದು ಉಣ್ಣೆಯೆಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು 1893 ರಲ್ಲಿ ಪ್ರಕಟಿಸಿದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು ಅದಕ್ಕೆ ನಾಲ್ಕು ವರ್ಷ ತರುವಾಯ, 1897 ರಲ್ಲಿ. ನಾಯಿಗೆ ಕಂದು ಉಣ್ಣೆಯಿಂದ ಬರುವ ರೋಗಗಳಲ್ಲಿ ಎರ್ಲಿಕಿಯೋಸಿಸ್ ಮುಖ್ಯವಾದುದು. ಇದರ ಜೀವಿಯನ್ನು 1935 ರಲ್ಲಿ ಆಲ್ಜೀರಿಯದಲ್ಲಿ ಗುರುತಿಸಿದರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ನಾಯಿಗಳು ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಈ ರೋಗಕ್ಕೆ ಬಲಿಯಾದವು. ಜ್ವರ, ಅನ್ನ ಬಿಡುವುದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿಯುವುದು, ಒಮ್ಮೊಮ್ಮೆ ಮೂಗಿನಿಂದ ರಕ್ತ ಸುರಿಯುವುದು ಇದರ ಲಕ್ಷಣಗಳು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಔಷಧವನ್ನು ನಾಲ್ಕು ವಾರ ಕೊಟ್ಟು ಗುಣಪಡಿಸಬಹುದು. ತಡವಾದರೆ ಮೂಳೆಯ ಮಜ್ಜೆಯೇ ಸೋಲುತ್ತದೆ. ಬಬೇಸಿಯ ಎಂಬ ಇನ್ನೊಂದು ಜೀವಿ ಕೆಂಪು ರಕ್ತಕಣಗಳೊಳಗೆ ಹೊಕ್ಕು ಅವನ್ನು ಒಡೆಯುತ್ತದೆ.

ಮಲೆನಾಡಿನ ವಾಚಕರು ಇಲ್ಲಿ ಮಂಗನ ಕಾಯಿಲೆಯನ್ನು ನೆನೆಯುವುದು ಸಹಜ. 1957 ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಆ ರೋಗವನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣೆ. ಮನೆಯ ಗೋಡೆಯ ಕಂದು ಉಣ್ಣೆಯಲ್ಲ. ಎರಡನ್ನೂ ಒಂದೆಂದು ತಿಳಿದು ನಾಯಿಯನ್ನು ಹೊಡೆದಟ್ಟುವುದು ಅವಿವೇಕ. ಕಾಡು ಸುತ್ತಿ ಬಂದ ನಾಯಿಯ ಮೈಯನ್ನು ಅಂಗಳದಲ್ಲಿಯೇ ತಡವಿ ನೋಡಿ ಒಳಗೆ ಬಿಡುವುದು ವಿವೇಕ.

ಈಗ ಮದ್ದಿನ ಮಾತಿಗೆ ಬರೋಣ. ಮನೆಮದ್ದುಗಳನ್ನು ನಾನು ಹೆಚ್ಚು ಚರ್ಚಿಸುವುದಿಲ್ಲ. ಸೀಮೆಎಣ್ಣೆಯಾಗಲಿ ಯಂತ್ರದ ಎಣ್ಣೆಯಾಗಲಿ ಉಣ್ಣೆಗಿಂತ ಮೊದಲು ನಾಯಿಯ ಚರ್ಮವನ್ನು ಸುಡುತ್ತದೆ. ನಾಯಿ ಅದನ್ನು ನೆಕ್ಕಿದರೆ ಶ್ವಾಸಕೋಶಕ್ಕೂ ಅಪಾಯ. ಬೆಳ್ಳುಳ್ಳಿಯನ್ನು ತಿನ್ನಿಸಿದರೆ ಉಣ್ಣೆ ದೂರವಾಗುವುದೆಂಬ ನಂಬಿಕೆಯೊಂದಿದೆ. ಬೆಳ್ಳುಳ್ಳಿ, ಈರುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆಂಬುದು ಮಾತ್ರ ನಿಶ್ಚಿತವಾದ ಸಂಗತಿ. ಗಿಡದಿಂದ ಬಂದದ್ದೆಲ್ಲ ಸೌಮ್ಯ, ಕಾರ್ಖಾನೆಯಿಂದ ಬಂದದ್ದೆಲ್ಲ ವಿಷ ಎಂಬ ವಿಂಗಡಣೆಗೆ ವಿಜ್ಞಾನದಲ್ಲಿ ಆಧಾರವಿಲ್ಲ.

ಎಲ್ಲ ಉಣ್ಣೆ ಮದ್ದುಗಳೂ ವಿಷಗಳೇ. ಹಾಗಾದರೆ ಉಣ್ಣೆ ಸತ್ತು ನಾಯಿ ಬದುಕುವುದು ಹೇಗೆ? ವಿಷದ ಆಯ್ಕೆಯ ಗುಣವೇ ಇದಕ್ಕೆ ಕಾರಣ. ನರದಲ್ಲಿ ಸಂದೇಶ ಸಾಗುವುದೆಂದರೆ ವಿದ್ಯುತ್ತಿನ ಅಲೆಯೊಂದು ಸಾಗುವುದು. ನರಕೋಶದ ಗೋಡೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಬಾಗಿಲು ಮುಚ್ಚುತ್ತದೆ, ಅಲೆ ಮುಂದೆ ಹೋಗುತ್ತದೆ. ಸೇವಂತಿಗೆಯ ಜಾತಿಯ ಒಂದು ಹೂವಿನಲ್ಲಿರುವ ಪೈರೆಥ್ರಿನ್ ಈ ಬಾಗಿಲನ್ನು ಮುಚ್ಚಗೊಡದೆ ಹಿಡಿಯುತ್ತದೆ. ಬಿಸಿಲಿಗೆ ಬೇಗ ಕೆಡುವ ಆ ವಸ್ತುವಿನ ಮಾದರಿಯಲ್ಲಿ, ಬಿಸಿಲಿಗೆ ನಿಲ್ಲಬಲ್ಲ ಪರ್ಮೆಥ್ರಿನ್ನನ್ನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಸ್ಥೆಯಲ್ಲಿ ಮೈಕೇಲ್ ಎಲಿಯಟ್ ಮತ್ತು ಅವರ ಸಂಗಡಿಗರು 1973 ರಲ್ಲಿ ತಯಾರಿಸಿದರು. ಉಣ್ಣೆಯ ಬಾಗಿಲು ಈ ವಿಷಕ್ಕೆ ಸುಲಭವಾಗಿ ಸಿಕ್ಕುತ್ತದೆ. ನಾಯಿಯದು ಅಷ್ಟು ಸುಲಭವಲ್ಲ, ಮೇಲಾಗಿ ನಾಯಿಯ ಪಿತ್ತಜನಕಾಂಗ ಅದನ್ನು ಬೇಗ ಒಡೆದು ಹೊರಹಾಕುತ್ತದೆ. ಆದರೆ ಬೆಕ್ಕು? ಈ ವಿಷವನ್ನು ನಿರಪಾಯಗೊಳಿಸುವ ರಾಸಾಯನಿಕ ಸಾಧನ ಬೆಕ್ಕಿನ ಪಿತ್ತಜನಕಾಂಗದಲ್ಲಿ ತೀರ ದುರ್ಬಲವಾಗಿದೆ. ನಾಯಿಯ ಬೆನ್ನಿಗೆ ಹನಿಸುವ ಪರ್ಮೆಥ್ರಿನ್ ದ್ರವದ ಕೆಲವು ಹನಿಗಳು ಬೆಕ್ಕಿಗೆ ನಡುಕ, ಸೆಳವು, ಮರಣವನ್ನೇ ತಂದಾವು. ನಾಯಿಯೂ ಬೆಕ್ಕೂ ಒಂದೇ ಚಾಪೆಯಲ್ಲಿ ಮಲಗುವ ಮನೆಯಲ್ಲಿ ಈ ಮದ್ದನ್ನು ಆರಿಸಲೇಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ.

ನಮ್ಮಲ್ಲಿ ಅತ್ಯಂತ ಅಗ್ಗವಾಗಿ ದೊರೆಯುವುದು ಅಮಿಟ್ರಾಜ್. ದನಕರುಗಳಿಗೆಂದು ಮಾರುವ ಗಾಢ ದ್ರವವನ್ನೇ ನಾಯಿಗೂ ಬಳಸುವುದು ರೂಢಿ. ಮದ್ದು ಕೆಟ್ಟದ್ದೇನಲ್ಲ, ಆದರೆ ಇಲ್ಲಿ ಲೆಕ್ಕವನ್ನು ಗಮನಿಸಬೇಕು. ನಾಯಿಗೆ ಬೇಕಾದ ದ್ರಾವಣ ಸಾಮಾನ್ಯವಾಗಿ ಹತ್ತು ಲಕ್ಷ ಭಾಗದಲ್ಲಿ 250 ರಿಂದ 500 ಭಾಗದ ಬಲದ್ದು. ಸೀಸೆಯ ದ್ರವ ನೂರಕ್ಕೆ 12.5 ರ ಬಲದ್ದಾಗಿದ್ದರೆ ಒಂದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ವಿಷವಿದೆ. ಒಂದು ಲೀಟರ್ ನೀರಿಗೆ ಎರಡು ಮಿಲಿಲೀಟರ್ ಬೆರೆಸಿದರೆ 250 ಭಾಗದ ಬಲ ಬರುತ್ತದೆ. ಹತ್ತು ಮಿಲಿಲೀಟರ್ ಹಿಡಿಯುವ ಮುಚ್ಚಳವೊಂದನ್ನು ಅದೇ ಒಂದು ಲೀಟರಿಗೆ ಸುರಿದರೆ? ಐದು ಪಟ್ಟು. ಇನ್ನೊಂದು ಅಂಗಡಿಯ ಸೀಸೆ ನೂರಕ್ಕೆ 5 ರ ಬಲದ್ದಾಗಿದ್ದರೆ ಲೆಕ್ಕವೆಲ್ಲ ಬದಲಾಗಿ ಐದು ಮಿಲಿಲೀಟರ್ ಬೇಕಾಗುತ್ತದೆ. ಹೆಸರು ಒಂದೇ, ಬಲ ಬೇರೆ. ಪಟ್ಟಣದ ಅಂಗಡಿಯೊಂದರಲ್ಲಿ ನಾನು ಈ ಪ್ರಶ್ನೆಯನ್ನು ಕೇಳಿದಾಗ ಬಂದ ಉತ್ತರ, ‘ಒಂದು ಮುಚ್ಚಳ ಹಾಕಿ ಸಾರ್, ಎಲ್ಲರೂ ಹಾಗೇ ಮಾಡುತ್ತಾರೆ’ ಎಂಬುದಾಗಿತ್ತು. ಯಾವ ಮುಚ್ಚಳ, ಎಷ್ಟು ನೀರಿಗೆ, ಎಷ್ಟು ತೂಕದ ನಾಯಿಗೆ ಎಂಬುದು ಅವರಿಗೂ ಬೇಕಿರಲಿಲ್ಲ. ಅಮಿಟ್ರಾಜ್ ಮಿತಿಮೀರಿದರೆ ನಾಯಿ ಮಂಕಾಗಿ ತೂಗಾಡುತ್ತದೆ, ಹೃದಯದ ಬಡಿತ ಇಳಿಯುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಆದುದರಿಂದಲೇ ಸಕ್ಕರೆ ಕಾಯಿಲೆಯ ನಾಯಿಗೆ ಅದು ಸಲ್ಲದು, ಬೆಕ್ಕಿಗಂತೂ ಕೂಡದು.

ಬಲ ಸರಿಯಾಗಿದ್ದರೂ ಇನ್ನೊಂದು ತೊಡಕುಂಟು. ಇದು ನಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ತಿಳಿದ ಕ್ಷೇತ್ರಫಲ ಮತ್ತು ಘನಫಲಗಳ ನಿಯಮ. ಮೈಗೆ ಸುರಿದ ದ್ರವ ಅಂಟಿಕೊಳ್ಳುವುದು ಮೈಯ ಮೇಲ್ಮೈಗೆ. ಮೂವತ್ತು ಕಿಲೋಗ್ರಾಂ ತೂಕದ ನಾಯಿ ಎರಡು ಕಿಲೋಗ್ರಾಂ ಮರಿಗಿಂತ ಹದಿನೈದು ಪಟ್ಟು ಭಾರ. ಆದರೆ ಅದರ ಮೇಲ್ಮೈ ಹದಿನೈದು ಪಟ್ಟಲ್ಲ, ಸುಮಾರು ಆರು ಪಟ್ಟು ಮಾತ್ರ. ಎಂದರೆ, ಒಂದೇ ಬಕೆಟ್ಟಿನಲ್ಲಿ ತಾಯಿಯನ್ನೂ ಮರಿಯನ್ನೂ ನೆನೆಸಿದರೆ ಮರಿಯ ಪಾಲಿಗೆ ಪ್ರತಿ ಕಿಲೋಗ್ರಾಮಿಗೆ ಎರಡೂವರೆ ಪಟ್ಟು ವಿಷ ಬಂದಂತಾಯಿತು. ಮರಿಯ ಚರ್ಮ ತೆಳುವಾದುದು, ಅದು ಮೈ ನೆಕ್ಕಿಕೊಳ್ಳುವುದೂ ಹೆಚ್ಚು. ‘ತಾಯಿಗೆ ಏನೂ ಆಗಲಿಲ್ಲ, ಮರಿ ಮಾತ್ರ ಹೋಯಿತು’ ಎಂದು ಜನ ದೈವವನ್ನು ದೂರುತ್ತಾರೆ. ಇದು ಜ್ಯಾಮಿತಿ.

ಇವರ್‌ಮೆಕ್ಟಿನ್ ಚುಚ್ಚುಮದ್ದನ್ನು ಉಣ್ಣೆಗೆಂದು ಹಾಕಿಸುವವರೂ ಹಲವರಿದ್ದಾರೆ. ಇದನ್ನು ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಒಮುರ ಅವರಿಗೆ 2015 ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮನುಷ್ಯರ ಹುಳುರೋಗಗಳಲ್ಲಿ ಇದು ಮಾಡಿದ ಉಪಕಾರ ದೊಡ್ಡದು. ಆದರೆ ನಾಯಿಯ ಹೃದಯದ ಹುಳುವನ್ನು ತಡೆಯಲು ಕಿಲೋಗ್ರಾಮಿಗೆ 6 ಮೈಕ್ರೋಗ್ರಾಂ ಸಾಕಾದರೆ, ಉಣ್ಣೆಗೆಂದು ಚುಚ್ಚುವುದು ಅದರ ಹತ್ತಾರು ಪಟ್ಟು. ಕಾಲಿ ಮುಂತಾದ ಕುರಿಕಾಯುವ ತಳಿಗಳಲ್ಲಿ ಮಿದುಳಿನಿಂದ ಇಂತಹ ವಸ್ತುಗಳನ್ನು ಹೊರಗೆ ನೂಕುವ ಪ್ರೋಟೀನು ಒಂದು ಜೀನಿನ ದೋಷದಿಂದ ಕೆಲಸ ಮಾಡುವುದಿಲ್ಲವೆಂದು 2001 ರಲ್ಲಿ ಗೊತ್ತಾಯಿತು. ಅವಕ್ಕೆ ಈ ಪ್ರಮಾಣ ಪ್ರಾಣಾಂತಿಕ. ಬೆರಕೆ ನಾಯಿಯ ಅಜ್ಜ ಯಾವ ತಳಿಯೆಂದು ಬಲ್ಲವರಾರು? ಇದಕ್ಕಿಂತ ಒಳ್ಳೆಯ ಮದ್ದುಗಳಿರುವಾಗ ಉಣ್ಣೆಗಾಗಿ ಇದನ್ನು ಹಿಡಿಯುವುದಕ್ಕೆ ಅಗ್ಗವೆಂಬುದೊಂದೇ ಕಾರಣ.

ಆ ಒಳ್ಳೆಯ ಮದ್ದುಗಳೆಂದರೆ ಐಸಾಕ್ಸಜೋಲಿನ್ ಎಂಬ ಗುಂಪಿನ ಗುಳಿಗೆಗಳು. ಅಫಾಕ್ಸೊಲ್ಯಾನರ್, ಫ್ಲುರಲ್ಯಾನರ್ ಎಂಬವು 2014 ರ ಸುಮಾರಿಗೆ ಬಳಕೆಗೆ ಬಂದವು; ಆಮೇಲೆ ಸಾರೊಲ್ಯಾನರ್, ಲೋಟಿಲ್ಯಾನರ್ ಬಂದವು. ಉಣ್ಣೆಯ ನರಗಳಲ್ಲಿ ಉದ್ರೇಕವನ್ನು ತಣಿಸುವ ಕ್ಲೋರೈಡ್ ಬಾಗಿಲುಗಳನ್ನು ಇವು ಮುಚ್ಚಿಬಿಡುತ್ತವೆ. ನಾಯಿಯ ಬಾಗಿಲುಗಳ ಮೇಲೆ ಇವುಗಳ ಹಿಡಿತ ಅದಕ್ಕಿಂತ ಬಹಳ ಸಡಿಲ. ಮೈಗೆ ಏನೂ ಅಂಟುವುದಿಲ್ಲವಾದುದರಿಂದ ಮಕ್ಕಳಿಗೂ ಬೆಕ್ಕಿಗೂ ಸೋಂಕುವ ಭಯವಿಲ್ಲ, ಸ್ನಾನದಿಂದ ತೊಳೆದುಹೋಗುವ ಭಯವೂ ಇಲ್ಲ.

ಆದರೆ 2018 ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಗುಂಪಿನ ಬಗ್ಗೆ ಎಚ್ಚರಿಕೆಯೊಂದನ್ನು ಹೊರಡಿಸಿತು: ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಸೆಳವು ಕಂಡುಬಂದಿದ್ದವು, ಹಿಂದೆಂದೂ ಸೆಳವು ಬಾರದ ನಾಯಿಗಳೂ ಅವುಗಳಲ್ಲಿ ಇದ್ದವು. ಅದೇ ಆಡಳಿತ ಮದ್ದನ್ನು ಹಿಂತೆಗೆಯಲಿಲ್ಲ. ಬಹುಪಾಲು ನಾಯಿಗಳಿಗೆ ಇವು ಕ್ಷೇಮಕರವೆಂದೇ ಹೇಳಿತು. ಈ ಸುದ್ದಿಯ ಮೊದಲರ್ಧವನ್ನು ಮಾತ್ರ ಓದಿದವರು ಗುಳಿಗೆಯನ್ನು ಬಿಟ್ಟು ಮತ್ತೆ ಮುಚ್ಚಳದ ಮದ್ದಿಗೆ ಹೋಗುತ್ತಿದ್ದಾರೆ. ಇದು ತೂಕ ನೋಡುವ ಕ್ರಮವಲ್ಲ. ಒಂದು ತಟ್ಟೆಯಲ್ಲಿ ಮದ್ದಿನ ಅಪಾಯವನ್ನಿಟ್ಟರೆ ಇನ್ನೊಂದರಲ್ಲಿ ಬರಿಯ ಸೊನ್ನೆಯನ್ನಿಡುವಂತಿಲ್ಲ. ಎರ್ಲಿಕಿಯೋಸಿಸ್ಸಿನ ಅಪಾಯವನ್ನೂ ಅಳೆಯದೆ ಸುರಿಯುವ ವಿಷದ ಅಪಾಯವನ್ನೂ ಇಡಬೇಕು. ಸೆಳವಿನ ರೋಗವಿರುವ ನಾಯಿಗೆ ಈ ಗುಳಿಗೆ ಬೇಡ. ಅಂತಹ ನಾಯಿಗೆ ಫಿಪ್ರೊನಿಲ್ ಮುಂತಾದ ಬೇರೆ ದಾರಿಯನ್ನು ವೈದ್ಯರು ಹೇಳುತ್ತಾರೆ. ಬೇರೆ ಆರೋಗ್ಯವಂತ ನಾಯಿಗಳಿಗೆ, ನನ್ನ ಮನಸ್ಸಿಗೆ ತೋರುವಂತೆ, ಗುಳಿಗೆಯ ಕಡೆಯ ತಟ್ಟೆಯೇ ಹಗುರ.

ಗುಳಿಗೆಯಲ್ಲಿಯೂ ಲೆಕ್ಕ ತಪ್ಪುವ ಎಡೆಗಳಿವೆ. ಫ್ಲುರಲ್ಯಾನರಿನ ಕನಿಷ್ಠ ಪ್ರಮಾಣ ಕಿಲೋಗ್ರಾಮಿಗೆ 25 ಮಿಲಿಗ್ರಾಂ. 10 ರಿಂದ 20 ಕಿಲೋಗ್ರಾಂ ನಾಯಿಗೆ 500 ಮಿಲಿಗ್ರಾಮಿನ ಗುಳಿಗೆ. ಇಪ್ಪತ್ತೆರಡು ಕಿಲೋಗ್ರಾಂ ನಾಯಿಯನ್ನು ಕಣ್ಣಂದಾಜಿನಲ್ಲಿ ಹದಿನೆಂಟೆಂದು ತಿಳಿದರೆ ಪ್ರಮಾಣ ಆರಂಭದಲ್ಲಿಯೇ ಕೆಳಗೆ ಬಿತ್ತು. ನಾಯಿಯನ್ನು ತೂಗುವುದೇನೂ ಕಷ್ಟವಲ್ಲ: ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ತಕ್ಕಡಿಯ ಮೇಲೆ ನಿಂತು ಕಳೆದರಾಯಿತು. ಹಣ ಉಳಿಸಲು ದೊಡ್ಡ ಗುಳಿಗೆಯನ್ನು ಮುರಿದು ಎರಡು ನಾಯಿಗಳಿಗೆ ಹಂಚುವುದೂ ಕೂಡದು. ಮುರಿದ ಅರ್ಧದಲ್ಲಿ ಮದ್ದಿನ ಅರ್ಧವೇ ಇದೆಯೆಂದು ಯಾರೂ ಭರವಸೆ ಕೊಟ್ಟಿಲ್ಲ.

ಕಾಲದ ವಿಷಯವೂ ಹೀಗೆಯೇ. ರಕ್ತದಲ್ಲಿ ಮದ್ದು ಕಡಮೆಯಾಗುವುದು ವಿಕಿರಣ ವಸ್ತುವಿನಂತೆ, ಅರ್ಧಾಯುಷ್ಯದ ನಿಯಮದಂತೆ. ಅರ್ಧಾಯುಷ್ಯ ಎರಡು ವಾರವೆಂದು ಹಿಡಿದರೆ ಹನ್ನೆರಡು ವಾರಕ್ಕೆ ಉಳಿಯುವುದು ಮೊದಲಿನ ಅರುವತ್ತನಾಲ್ಕನೆಯ ಒಂದು ಭಾಗ. ಫ್ಲುರಲ್ಯಾನರಿನ ಅವಧಿ ಮುಗಿಯುವುದು ಅಲ್ಲಿಗೆ. ಅಫಾಕ್ಸೊಲ್ಯಾನರಿನದು ಒಂದು ತಿಂಗಳು. ಗೋಡೆಯ ಉಣ್ಣೆಯಾದರೋ ತಿಂಗಳುಗಟ್ಟಲೆ ಕಾಯಬಲ್ಲದೆಂದು ಮೇಲೆ ಹೇಳಿದೆ. ಒಂದು ಸಲ ಕೊಟ್ಟು ನಿಲ್ಲಿಸಿದ ತಿಂಗಳ ಗುಳಿಗೆ ಹಣವನ್ನು ಮಾತ್ರ ಕೊಲ್ಲುತ್ತದೆ. ಉಣ್ಣೆ ಹತ್ತಿದ ಮನೆಯಲ್ಲಿ ಮದ್ದು ಎರಡು ಮೂರು ತಲೆಮಾರುಗಳ ಕಾಲ ಬಿಡುವಿಲ್ಲದೆ ನಡೆಯಬೇಕು. ಆಗ ನಾಯಿಯೇ ಬೋನಾಗುತ್ತದೆ: ಹತ್ತಿದ ಉಣ್ಣೆ ಕಚ್ಚಿ ಸಾಯುತ್ತದೆ, ಮೊಟ್ಟೆಯಿಡಲು ಇಳಿಯುವುದಿಲ್ಲ. ಅದರ ಜೊತೆಗೆ ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ತುಂಬುವುದು, ಚಾಪೆಯನ್ನು ಕುದಿನೀರಿನಲ್ಲಿ ಒಗೆಯುವುದು ಯಾವ ಮದ್ದಿಗೂ ಕಡಮೆಯಲ್ಲ.

ಗುಳಿಗೆಯ ಒಂದು ಕುಂದನ್ನು ಮರೆಮಾಚಬಾರದು. ಉಣ್ಣೆ ಕಚ್ಚಿದ ಮೇಲೆಯೇ ಅದು ಕೆಲಸಮಾಡುವುದು, ಅದೂ ಕೆಲವು ಗಂಟೆಗಳ ಬಳಿಕ. ಬಬೇಸಿಯ ದಾಟಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಎರ್ಲಿಕಿಯದ ಜೀವಿ ಮೂರು ಗಂಟೆಗಳಲ್ಲಿಯೇ ದಾಟಬಹುದೆಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಉಣ್ಣೆ ಬಹಳವಾಗಿರುವ ಊರಿನಲ್ಲಿ, ಬೆಕ್ಕಿಲ್ಲದ ಮನೆಯಲ್ಲಿ, ಕಚ್ಚುವ ಮೊದಲೇ ಉಣ್ಣೆಯನ್ನು ಓಡಿಸುವ ಮದ್ದಿನ ಕೊರಳಪಟ್ಟಿ ಅಥವಾ ಹನಿಮದ್ದು ಬೇಕೆ ಎಂಬುದನ್ನು ವೈದ್ಯರಲ್ಲಿ ಕೇಳತಕ್ಕದ್ದು. ಹಳೆಯ ಸಿಂಪಡಿಕೆಗಳಿಗೆ ಮಾತ್ರ ಜೋತುಬೀಳುವುದು ಈಗ ಕಷ್ಟ. ಅಮೆರಿಕದ ಫ್ಲಾರಿಡಾದಲ್ಲಿಯೂ ನಮ್ಮ ಪಂಜಾಬಿನಲ್ಲಿಯೂ ಪರ್ಮೆಥ್ರಿನ್ ಜಾತಿಯ ವಿಷಗಳಿಗೆ ಬಗ್ಗದ ಕಂದು ಉಣ್ಣೆಗಳು ಕಂಡುಬಂದಿವೆ. ಸಾಲದ ಪ್ರಮಾಣವನ್ನು ಮತ್ತೆ ಮತ್ತೆ ಸುರಿದು ಇಂತಹ ಉಣ್ಣೆಗಳನ್ನು ಬೆಳೆಸುವವರು ನಾವೇ.

ಗುಳಿಗೆಯ ಬೆಲೆ ಬಡವರಿಗೆ ಭಾರವೆಂಬ ಆಕ್ಷೇಪಣೆ ನ್ಯಾಯವಾದುದು. ಪ್ರತಿಯೊಂದು ಮನೆಯವರೂ ಅದನ್ನು ಕೊಳ್ಳಲೆಂದು ನಾನು ಹೇಳಲಾರೆ. ಆದರೆ ಅಗ್ಗದ ಅಮಿಟ್ರಾಜನ್ನು ಬಳಸಬೇಕಾದವರು ಎರಡು ಮಿಲಿಲೀಟರಿನ ಸೂಜಿಯಿಲ್ಲದ ಸಿರಿಂಜೊಂದನ್ನು ಕೊಳ್ಳಲಿ. ಅದಕ್ಕೆ ಕೆಲವೇ ರೂಪಾಯಿ. ಕೈಗೆ ರಬ್ಬರ್ ಚೀಲ ಹಾಕಿ, ಪಶುವೈದ್ಯರು ಬರೆದುಕೊಟ್ಟ ಅಳತೆಯಲ್ಲಿ, ಹೊಸದಾಗಿ ಕಲಸಿ, ಮೈ ಒಣಗುವವರೆಗೆ ನಾಯಿ ನೆಕ್ಕದಂತೆ ಕಾದು, ಮಿಕ್ಕ ನೀರನ್ನು ಕೆರೆಗೂ ಮೀನಿನ ತೊಟ್ಟಿಗೂ ಸೇರದಂತೆ ಚೆಲ್ಲಲಿ.

ಎಂಟು ವಾರ ತುಂಬದ ಅಥವಾ ಎರಡು ಕಿಲೋಗ್ರಾಂ ತೂಗದ ಮರಿಗೆ ಈ ಗುಳಿಗೆಗಳು ಹೇಳಿದವಲ್ಲ. ಅದಕ್ಕೆ ಚಿಮಟವೇ ಮೊದಲ ಮದ್ದು. ಉಣ್ಣೆಯ ಸೊಂಡಿಲಿನ ತುಂಬ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಸುತ್ತಲೂ ಅದು ಸುರಿಸಿದ ಅಂಟು ಗಟ್ಟಿಯಾಗಿರುತ್ತದೆ. ಆದುದರಿಂದ ಹೊಟ್ಟೆಯನ್ನು ಹಿಡಿದು ಜಗ್ಗಬಾರದು, ಬೆಂಕಿಕಡ್ಡಿ ತಾಗಿಸಬಾರದು. ಹಾಗೆ ಮಾಡಿದರೆ ಅದು ಗಾಯದೊಳಕ್ಕೇ ಕಕ್ಕುವ ಸಂಭವವಿದೆ. ಚರ್ಮಕ್ಕೆ ಒತ್ತಿದಂತೆ ಅದರ ತಲೆಯ ಬುಡವನ್ನು ಹಿಡಿದು, ತಿರುಚದೆ, ನೇರವಾಗಿ, ಒಂದೇ ಸಮನಾದ ಬಲದಿಂದ ಎಳೆಯಬೇಕು. ಎಳೆದದ್ದನ್ನು ಉಗುರಿನಿಂದ ಚಿವುಟಿ ಒಡೆಯಬೇಡಿ. ಅದರ ರಕ್ತದಲ್ಲಿ ಮನುಷ್ಯನಿಗೆ ಜ್ವರ ತರುವ ಜೀವಿಗಳೂ ಇರಬಹುದು. ಸಾಬೂನು ನೀರಿನಲ್ಲಿ ಮುಳುಗಿಸಿ ಸುಮ್ಮನೆ ಬಿಟ್ಟರೆ ಗೋಡೆಗೆ ಹಿಂತಿರುಗಲು ಸಾಧ್ಯವೆಂದು ತಿಳಿದು, ಸ್ಪಿರಿಟ್ ತುಂಬಿದ ಬಿಗಿ ಮುಚ್ಚಳದ ಸೀಸೆಯಲ್ಲಿ ಹಾಕಿಡುವುದು ಲೇಸು. ನಾಯಿಗೆ ಜ್ವರ ಬಂದರೆ ಆ ಸೀಸೆಯನ್ನು ವೈದ್ಯರಲ್ಲಿಗೆ ಒಯ್ಯಬಹುದು.